ಪೀಣ್ಯದಲ್ಲಿ ಮೆಷಿನ್ ಶಾಪ್ ಹಾಕುವ ಮುಂಚೆ ಮಾಡಬೇಕಾದ ಲೆಕ್ಕ

ವರ್ಕ್‌ಶಾಪ್ ಹಾಕಬೇಕು ಅಂತ ಸಲಹೆ ಕೇಳಿಕೊಂಡು ಬರುವ ಹುಡುಗರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಮೇಡಂ, ಯಾವ ಮೆಷಿನ್ ತಗೊಳ್ಳೋದು?’ ಎರಡನೆಯದು, ‘ಸಬ್ಸಿಡಿ ಎಷ್ಟು ಸಿಗುತ್ತೆ?’ ಬಿಲ್ ಮಾಡಿದ ಮೇಲೆ ದುಡ್ಡು ಯಾವಾಗ ಬರುತ್ತೆ ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಆದರೆ ನನ್ನ ಕಣ್ಣೆದುರೇ ಶಟರ್ ಎಳೆದ ಶಾಪ್‌ಗಳಲ್ಲಿ ಹೆಚ್ಚಿನವಕ್ಕೆ ಕೆಲಸದ ಕೊರತೆ ಇರಲಿಲ್ಲ. ಆರ್ಡರ್ ಇತ್ತು, ಮೆಷಿನ್ ಓಡುತ್ತಿತ್ತು, ಸಂಬಳದ ದಿನ ಅಕೌಂಟ್‌ನಲ್ಲಿ ಕಾಸಿರಲಿಲ್ಲ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದು ದೊಡ್ಡ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಪೀಸ್ ಅಳೆಯುತ್ತಿದ್ದವಳು. ಈಗ ತಮ್ಮನ ಜೊತೆ ಸೇರಿ ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂರು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ಇಟ್ಟುಕೊಂಡು ಜಾಬ್‌ವರ್ಕ್, ಅಂದರೆ ಕಂಪನಿಗಳ ಡ್ರಾಯಿಂಗ್ ಪ್ರಕಾರ ಪೀಸ್ ಮಾಡಿಕೊಡುವ ಕೆಲಸ ಮಾಡುತ್ತೇನೆ. ಮೆಷಿನ್ ಅವನದು, ಲೆಕ್ಕ, ಕಸ್ಟಮರ್, ಇನ್‌ಸ್ಪೆಕ್ಷನ್ ನನ್ನದು. ಇಲ್ಲಿ ಬರೆದಿರುವುದು ಶಾಫ್ಟ್, ಬುಷ್, ಪಿನ್ ತರಹದ ದುಂಡು ಪೀಸ್ ಕಡೆಯುವ ಟರ್ನಿಂಗ್ ಕೆಲಸಕ್ಕೆ. ಫೌಂಡ್ರಿಯವರಿಗೆ, ಮೋಲ್ಡಿಂಗ್‌ನವರಿಗೆ ಅಂಕಿ ಬೇರೆ ಬರುತ್ತದೆ. ತಲೆನೋವು ಮಾತ್ರ ಬಹುತೇಕ ಇದೇ.

ಗಂಟೆಯ ರೇಟು ನೀವೇ ಹಾಕಿ

ಪಕ್ಕದ ಶಾಪ್‌ನವರು ಗಂಟೆಗೆ ಇಷ್ಟು ತಗೋತಾರೆ, ನಾನೂ ಅಷ್ಟೇ ತಗೋತೀನಿ ಅನ್ನುವುದು ಪೀಣ್ಯದ ರೂಢಿ. ಬೇಡ. ಒಂದು ಹಾಳೆ ತಗೊಂಡು ನಿಮ್ಮದನ್ನು ನೀವೇ ಹಾಕಿ. ನಾನು ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮದನ್ನು ಬದಲಿಸಿಕೊಳ್ಳಿ.

ಒಂದು ಹೊಸ ಎರಡು ಆಕ್ಸಿಸ್ ಲೇತ್, 22 ಲಕ್ಷ. ಅದರಲ್ಲಿ 17 ಲಕ್ಷ ಸಾಲ, 5 ವರ್ಷ, ಶೇ 11 ಬಡ್ಡಿ. ಕಂತು ತಿಂಗಳಿಗೆ ಸುಮಾರು 37,000. ಸಾವಿರ ಚದರಡಿ ಶೆಡ್, ಬಾಡಿಗೆ 25,000. ಕರೆಂಟ್ 15,000. ಎರಡು ಶಿಫ್ಟಿಗೆ ಇಬ್ಬರು ಆಪರೇಟರ್, ಎಲ್ಲಾ ಸೇರಿ 45,000. ಇನ್ಸರ್ಟ್ (ಲೋಹ ಕತ್ತರಿಸುವ ತುದಿ), ಕೂಲಂಟ್, ಎಣ್ಣೆ 20,000. ಡೀಬರ್ ಮಾಡಿ (ಅಂಚಿನ ಚೂಪು ತೆಗೆದು) ಪ್ಯಾಕ್ ಮಾಡಲು ಒಬ್ಬ ಹೆಲ್ಪರ್, 16,000. ಗಾಡಿ, ಆಡಿಟರ್, ಫೋನ್, ಟೀ 10,000. ರಿಪೇರಿಗೆ ಎತ್ತಿಡುವುದು 6,000. ಕೊನೆಗೆ ಎಲ್ಲರೂ ಮರೆಯುವ ಸಾಲು: ನಿಮ್ಮ ಸಂಬಳ. 35,000 ಅಂತ ಬರೆಯಿರಿ, ನಾಚಿಕೆ ಬೇಡ. ‘ಓನರ್‌ಗೆ ಸಂಬಳ ಯಾಕೆ, ಲಾಭ ಬರುತ್ತಲ್ಲ’ ಅಂದವರು ಎರಡು ವರ್ಷದ ನಂತರ ಹೆಂಡತಿಯ ಒಡವೆ ಅಡವಿಟ್ಟು ಕಂತು ಕಟ್ಟಿದ್ದನ್ನು ನೋಡಿದ್ದೇನೆ.

ಒಟ್ಟು 2,09,000 ಆಯಿತು. ಇದನ್ನು ಗಂಟೆಗಳಿಂದ ಭಾಗಿಸಬೇಕು. ಎಡವುವುದು ಇಲ್ಲೇ. ಎರಡು ಶಿಫ್ಟ್, 16 ಗಂಟೆ, 25 ದಿನ, ಅಂದರೆ 400 ಗಂಟೆ. ಗಂಟೆಗೆ 522 ರೂಪಾಯಿ. ಪೇಪರ್ ಮೇಲೆ ಚೆನ್ನಾಗಿದೆ. ಆದರೆ ಮೆಷಿನ್ 400 ಗಂಟೆ ಚಿಪ್ಸ್ (ಲೋಹದ ಚೂರು) ಉದುರಿಸುವುದಿಲ್ಲ. ಹೊಸ ಜಾಬ್ ಸೆಟ್ಟಿಂಗ್‌ಗೆ ಅರ್ಧ ಶಿಫ್ಟ್ ಹೋಗುತ್ತದೆ. ಕಸ್ಟಮರ್ ಕಡೆಯಿಂದ ಮೆಟೀರಿಯಲ್ ಬಂದಿರುವುದಿಲ್ಲ. ಬಂದರೆ ಡ್ರಾಯಿಂಗ್ ಹಳೇ ರಿವಿಷನ್ ಆಗಿರುತ್ತದೆ. ಆಪರೇಟರ್ ಊರ ಜಾತ್ರೆಗೆ ಹೋಗಿರುತ್ತಾನೆ. ಶೇ 65 ಸಿಕ್ಕಿದರೆ ದೊಡ್ಡದು. ಅಂದರೆ 260 ಗಂಟೆ. ಈಗ ಭಾಗಿಸಿ: ಗಂಟೆಗೆ 804.

ಆ ರೇಟಿಗೆ ಸಾದಾ ಟರ್ನಿಂಗ್ ಕೆಲಸ ಯಾರೂ ಕೊಡುವುದಿಲ್ಲ. ಅಲ್ಲಿಗೆ ಒಂದೇ ಮೆಷಿನ್‌ನ ಕನಸು ಮುಗಿಯಿತು, ಅಲ್ವಾ? ಇನ್ನೊಂದು ಲೆಕ್ಕ ಹಾಕಿ ನೋಡೋಣ. ಅದೇ ತರಹದ ಮೂರು ಮೆಷಿನ್. ಕಂತು 1,11,000. ಶೆಡ್ ಒಂದೂವರೆ ಸಾವಿರ ಚದರಡಿ ಸಾಕು, 37,500. ಕರೆಂಟ್ 45,000. ಸೈಕಲ್ ಟೈಮ್ (ಒಂದು ಪೀಸಿಗೆ ಮೆಷಿನ್ ಓಡುವ ಹೊತ್ತು) ಉದ್ದ ಇದ್ದರೆ ಒಬ್ಬ ಆಪರೇಟರ್ ಎರಡು ಮೆಷಿನ್ ನೋಡುತ್ತಾನೆ, ಹಾಗಾಗಿ ಎರಡು ಶಿಫ್ಟಿಗೆ ನಾಲ್ವರು, 90,000. ಇನ್ಸರ್ಟ್ ವಗೈರೆ 60,000, ರಿಪೇರಿ 18,000, ಗಾಡಿ–ಆಡಿಟರ್ 15,000. ಹೆಲ್ಪರ್ ಒಬ್ಬನೇ, ಓನರ್ ಕೂಡ ಒಬ್ಬರೇ. ಒಟ್ಟು 4,27,500. ಗಂಟೆ 780. ಈಗ 548.

ಒಂದು ಮೆಷಿನ್‌ಗೆ 804, ಮೂರಕ್ಕೆ 548. ದೊಡ್ಡ ದೊಡ್ಡ ಭಾಷಣಗಳಲ್ಲಿ ‘ಸಣ್ಣ ಉದ್ದಿಮೆ ಬೆಳೆಯುತ್ತಿಲ್ಲ’ ಅನ್ನುತ್ತಾರಲ್ಲ, ಅದರ ಅರ್ಥ ಈ ಹಾಳೆಯಲ್ಲಿದೆ. ಚಿಕ್ಕದಾಗಿದ್ದರೆ ಖರ್ಚು ಗಿಟ್ಟುವುದಿಲ್ಲ, ದೊಡ್ಡದಾಗಲು ಬಂಡವಾಳ ಇರುವುದಿಲ್ಲ.

ಇನ್ನೂ ಒಂದು ಇದೆ. ನಿಮ್ಮ ಎದುರಾಳಿ ಬಹುತೇಕ ಹತ್ತು ವರ್ಷದ ಹಿಂದೆ ಮೆಷಿನ್ ತಗೊಂಡವನು. ಅವನ ಸಾಲ ತೀರಿದೆ. ಮೇಲಿನ ಲೆಕ್ಕದಲ್ಲಿ ಕಂತನ್ನು ತೆಗೆದುಹಾಕಿ, ಗಂಟೆಗೆ 406 ಬರುತ್ತದೆ. ಅವನು 450ಕ್ಕೆ ಕೆಲಸ ಹಿಡಿದು ನಗುತ್ತಿರುತ್ತಾನೆ, ನೀವು 450ಕ್ಕೆ ಹಿಡಿದರೆ ಪ್ರತಿ ಗಂಟೆ ಸುಮಾರು ನೂರು ರೂಪಾಯಿ ಕೈಯಿಂದ ಹಾಕುತ್ತೀರಿ. ಆದ್ದರಿಂದ ಹೊಸ ಮೆಷಿನ್ ಇರುವವರು ಹಳೇ ಮೆಷಿನ್ ಮಾಡುವ ಕೆಲಸಕ್ಕೆ ಹೋಗಬಾರದು. ಬೇರಿಂಗ್ ಕೂರುವ ಡಯಾ (ವ್ಯಾಸ), ಒಳ್ಳೆ ಫಿನಿಶ್ ಬೇಕಾದ ಬೋರ್ (ಒಳತೂತು), ಇಎನ್24 ಸ್ಟೀಲ್ ತರಹದ ಗಟ್ಟಿ ಮೆಟೀರಿಯಲ್: ಸವೆದ ಸ್ಪಿಂಡಲ್‌ನಲ್ಲಿ ನಿಲ್ಲದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಎಲ್ಲಿದೆಯೋ ಅಲ್ಲಿಗೆ ಹೋಗಿ. ಅಲ್ಲಿ ರೇಟಿನ ಚೌಕಾಸಿ ಕಡಿಮೆ.

ಪೀಸ್ ರೇಟಿಗೂ ಇದೇ ಕ್ರಮ. ಸೈಕಲ್ ಟೈಮ್ 3 ನಿಮಿಷ 20 ಸೆಕೆಂಡ್, ಲೋಡಿಂಗ್ 40 ಸೆಕೆಂಡ್. ನಾಲ್ಕು ನಿಮಿಷಕ್ಕೊಂದು, ಗಂಟೆಗೆ 15. 548ನ್ನು 15ರಿಂದ ಭಾಗಿಸಿದರೆ 36.50. ಶೇ 2 ರಿಜೆಕ್ಷನ್, ಶೇ 12 ಲಾಭ ಸೇರಿಸಿದರೆ 42 ರೂಪಾಯಿ ಹತ್ತಿರ. ಪರ್ಚೇಸ್‌ನವರು 32ಕ್ಕೆ ಮಾಡಿ ಅನ್ನುತ್ತಾರೆ. ‘ವಾಲ್ಯೂಮ್ ಜಾಸ್ತಿ ಕೊಡ್ತೀವಿ’ ಅಂತ ಸೇರಿಸುತ್ತಾರೆ. ನಷ್ಟದ ಪೀಸ್ ಜಾಸ್ತಿ ಮಾಡಿದರೆ ನಷ್ಟವೇ ಜಾಸ್ತಿ. ಈ ಹಾಳೆ ಕೈಯಲ್ಲಿದ್ದರೆ ಆಗಲ್ಲ ಅನ್ನಲು ಧೈರ್ಯ ಬರುತ್ತದೆ. ಸೈಕಲ್ ಟೈಮ್ ಕಡಿಮೆ ಮಾಡುವ ದಾರಿ ಇದ್ದರೆ, ಉದಾಹರಣೆಗೆ ಡ್ರಾಯಿಂಗ್‌ನಲ್ಲಿ ಬೇಡದ ಕಡೆ ಬಿಗಿ ಟಾಲರೆನ್ಸ್ ಹಾಕಿದ್ದರೆ, ಅದನ್ನು ತೋರಿಸಿ ಮಾತಾಡಿ. ಡಿಸೈನ್‌ನವರು ಎಷ್ಟೋ ಸಲ ಒಪ್ಪುತ್ತಾರೆ.

ಸಾಲ

ಆಸ್ತಿ ಅಡವಿಡದೆ ಸಾಲ ಸಿಗುವ ದಾರಿ ಇದೆ. ಸಣ್ಣ ಉದ್ದಿಮೆಯ ಸಾಲಕ್ಕೆ ಬ್ಯಾಂಕಿಗೆ ಜಾಮೀನು ನಿಲ್ಲುವ ಸಿಜಿಟಿಎಂಎಸ್ಇ ಗ್ಯಾರಂಟಿ 2000ದಿಂದಲೂ ಇದೆ, 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಆದರೂ ಬ್ಯಾಂಕಿನಲ್ಲಿ ‘ಸೈಟ್ ಪೇಪರ್ ಏನಾದ್ರೂ ಇದ್ಯಾ?’ ಅಂತ ಕೇಳಿಯೇ ಕೇಳುತ್ತಾರೆ. ಗ್ಯಾರಂಟಿ ಅಡಿಯಲ್ಲೇ ಬೇಕು ಅಂತ ಅರ್ಜಿಯಲ್ಲಿ ಬರೆದುಕೊಡಿ, ಇಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ. ಒಂದು ಬ್ಯಾಂಕ್ ಆಗದಿದ್ದರೆ ಇನ್ನೊಂದು.

ಕೇಂದ್ರದ ಸಬ್ಸಿಡಿ ಯೋಜನೆ ಪಿಎಂಇಜಿಪಿಯಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಆಗುತ್ತದೆ. ಸಹಾಯಧನ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಶೇ 25 ಮತ್ತು 35. ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಹಾಗಾಗಿ ಸಬ್ಸಿಡಿ ನಂಬಿ ಶೆಡ್ ಅಡ್ವಾನ್ಸ್ ಕೊಡಬೇಡಿ. ಹೊಸ ಘಟಕಕ್ಕೆ ಮಾತ್ರ ಇದು, ಮೆಷಿನ್ ಕೊಂಡಮೇಲೆ ಹೋಗಿ ಕೇಳಿದರೆ ಇಲ್ಲ.

ಎಲ್ಲರೂ ಮೆಷಿನ್ ಸಾಲ ಮಾಡುತ್ತಾರೆ, ಓಡಿಸುವ ದುಡ್ಡಿಗೆ ಸಾಲ ಮಾಡುವುದಿಲ್ಲ. ಅರ್ಜಿ ಹಾಕುವಾಗಲೇ ವರ್ಕಿಂಗ್ ಕ್ಯಾಪಿಟಲ್ ಮಿತಿಯನ್ನೂ ಸೇರಿಸಿ ಕೇಳಿ. ಆಮೇಲೆ ಕೇಳಿದರೆ ಹಿಂದಿನ ಬ್ಯಾಲೆನ್ಸ್ ಶೀಟ್ ತೋರಿಸಿ ಅನ್ನುತ್ತಾರೆ. ಅದರಲ್ಲಿ ನಷ್ಟ ಇರುತ್ತದೆ, ಮೊದಲ ವರ್ಷ ಅಲ್ವಾ.

ಶೆಡ್ ನೋಡುವಾಗ

ಎಚ್ಎಎಲ್ 1940ರಲ್ಲಿ, ಟೆಲಿಫೋನ್ ಮಾಡುವ ಐಟಿಐ 1948ರಲ್ಲಿ, ಎಚ್ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬೆಂಗಳೂರಿಗೆ ಬಂದವು. ಅಲ್ಲಿ ಕೆಲಸ ಕಲಿತವರು, ಅವರಿಗೆ ಬಿಡಿಭಾಗ ಮಾಡಿಕೊಟ್ಟವರು ಹೊರಗೆ ಬಂದು ಶೆಡ್ ಹಾಕಿದ್ದರಿಂದ ಪೀಣ್ಯ ಬೆಳೆಯಿತು. ಆ ಉಪಯೋಗ ಈಗಲೂ ಇದೆ. ಇನ್ಸರ್ಟ್ ಮುಗಿದರೆ ನಡೆದುಕೊಂಡು ಹೋಗಿ ತರಬಹುದು. ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಗೇಜ್ ಕ್ಯಾಲಿಬ್ರೇಷನ್ ಎಲ್ಲ ಸುತ್ತಮುತ್ತಲೇ. ದೂರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಾಗ ಅಗ್ಗ, ಆದರೆ ಪೀಸ್ ಹಿಡಿಯುವ ಒಂದು ಕೊಲೆಟ್ ಮುರಿದರೆ ಆ ದಿನದ ಕೆಲಸ ಹೋಯಿತು.

ಹಾಗಂತ ಪೀಣ್ಯವೇ ಆಗಬೇಕಿಲ್ಲ. ಕಸ್ಟಮರ್ ಎಲ್ಲಿದ್ದಾನೆ ನೋಡಿ. ಫೌಂಡ್ರಿ ಕಾಸ್ಟಿಂಗ್ ಮೆಷಿನಿಂಗ್ ಮಾಡುವುದಾದರೆ ಬೆಳಗಾವಿಯ ಉದ್ಯಮಬಾಗ್ ಅಥವಾ ಶಿವಮೊಗ್ಗದ ಮಾಚೇನಹಳ್ಳಿ ಒಳ್ಳೇದು. ದೊಡ್ಡ ಜಾಗ ಬೇಕಾದವರು ದಾಬಸ್‌ಪೇಟೆ, ತುಮಕೂರಿನ ವಸಂತನರಸಾಪುರದ ಕಡೆ ನೋಡುತ್ತಾರೆ. ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಮಂಡಳಿ) ಜಾಗ ತಗೊಂಡರೆ ನಿಗದಿತ ಅವಧಿಯಲ್ಲಿ ಘಟಕ ಶುರು ಮಾಡಬೇಕು ಎನ್ನುವ ಷರತ್ತು ಇರುತ್ತದೆ. ಮೊದಲ ಶಾಪ್‌ಗೆ ಬಾಡಿಗೆ ಶೆಡ್ಡೇ ವಾಸಿ. ದುಡ್ಡು ಮಣ್ಣಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಶೆಡ್ ನೋಡಲು ಹೋದಾಗ ಅಕ್ಕಪಕ್ಕ ಏನು ಓಡುತ್ತಿದೆ ಅಂತ ಮೊದಲು ಕೇಳಿ. ಗೋಡೆಯಾಚೆ ಪವರ್ ಪ್ರೆಸ್ ಇದ್ದರೆ ಒಂದು ಲೋಟ ತುಂಬ ನೀರು ತಗೊಂಡು, ಮೆಷಿನ್ ಕೂರಿಸಬೇಕೆಂದಿರುವ ಜಾಗದಲ್ಲಿ ನೆಲದ ಮೇಲೆ ಇಡಿ. ಪ್ರೆಸ್ ಬೀಳುವಾಗ ನೀರು ಅಲುಗಿದರೆ ಆ ಶೆಡ್ ಬೇಡ. ಪ್ರತಿ ಹೊಡೆತವೂ ನಿಮ್ಮ ಪೀಸ್ ಮೇಲೆ ಗೆರೆಯಾಗಿ ಕಾಣುತ್ತದೆ. ಆಗ ಇನ್ಸರ್ಟ್ ಬದಲಾಯಿಸಿ, ಸ್ಪೀಡ್ ಬದಲಾಯಿಸಿ ಕಾರಣ ಗೊತ್ತಾಗದೆ ಒದ್ದಾಡುತ್ತೀರಿ. ಈ ಪರೀಕ್ಷೆ ಭಾನುವಾರ ಮಾಡಬೇಡಿ, ಪ್ರೆಸ್‌ಗೂ ರಜೆ ಇರುತ್ತದೆ. ಬ್ರೋಕರ್‌ಗಳು ಭಾನುವಾರವೇ ಶೆಡ್ ತೋರಿಸುವುದು ಸುಮ್ನೆ ಅಲ್ಲ.

ಆಮೇಲೆ ಕರೆಂಟ್ ಬಿಲ್ ಕೇಳಿ, ಅದರಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಮೂರು ಲೇತ್, ಕಂಪ್ರೆಸರ್ ಸೇರಿ 40 ಎಚ್‌ಪಿ ಬೇಕು ಅಂದುಕೊಳ್ಳಿ. ಬಿಲ್‌ನಲ್ಲಿ 15 ಎಚ್‌ಪಿ ಇದ್ದರೆ ಹೆಚ್ಚಿಸಲು ಠೇವಣಿ, ಓಡಾಟ, ಕಾಯುವಿಕೆ ಎಲ್ಲಾ ನಿಮ್ಮ ತಲೆಗೆ. ಅದು ಓನರ್ ಹೆಸರಿನಲ್ಲಿರುವ ಮೀಟರ್, ಖರ್ಚು ಯಾರದು ಅಂತ ಕರಾರು ಪತ್ರದಲ್ಲೇ ಬರೆಸಿ. ಹಾಗಂತ ಬೇಕಾದ್ದಕ್ಕಿಂತ ಜಾಸ್ತಿ ಲೋಡ್ ಕೂಡ ಬೇಡ. ಮೆಷಿನ್ ನಿಂತಿದ್ದರೂ ಮಂಜೂರಾದ ಲೋಡಿನ ಮೇಲೆ ತಿಂಗಳ ಫಿಕ್ಸೆಡ್ ಚಾರ್ಜ್ ಬರುತ್ತದೆ. 

ಅರ್ಥಿಂಗ್‌ಗೆ ಬೇರೆ ಗುಂಡಿ ತೆಗೆಸಿ. ಮೆಷಿನ್ ಪೀಣ್ಯದಲ್ಲೇ ತಯಾರಾಗಿರಬಹುದು, ಆದರೆ ಅದರ ಕಂಟ್ರೋಲ್, ಮೋಟರ್ ನಡೆಸುವ ಡ್ರೈವ್ ಎಲ್ಲಾ ಬಹುತೇಕ ಜಪಾನಿನ ಫ್ಯಾನಕ್ ಅಥವಾ ಜರ್ಮನಿಯ ಸೀಮೆನ್ಸ್. ಒಂದು ಡ್ರೈವ್ ಸುಟ್ಟರೆ ರಿಪೇರಿ ಆಗಿ ಬರುವವರೆಗೆ ಮೆಷಿನ್ ನಿಂತೇ ಇರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಮೆಷಿನ್ ಟೂಲ್ ಕಟ್ಟಲು ಕಲಿತ ದೇಶ ಅದರ ಮೆದುಳನ್ನು ಇಷ್ಟು ವರ್ಷವಾದರೂ ಹೊರಗಿನಿಂದ ತರಿಸುತ್ತದೆ ಎನ್ನುವುದು ನನಗೆ ಯಾವಾಗಲೂ ಬೇಜಾರು. ಅರ್ಥಿಂಗ್‌ಗೆ ಕೊಡುವ ದುಡ್ಡು ಒಂದು ಡ್ರೈವ್ ರಿಪೇರಿ ಬಿಲ್ ಮುಂದೆ ಏನೂ ಅಲ್ಲ.

ರಸ್ತೆಯನ್ನೂ ನೋಡಿ. ಮೂರ್ನಾಲ್ಕು ಟನ್ ಮೆಷಿನ್ ಲಾರಿಯಲ್ಲಿ ಬರುತ್ತದೆ, ಇಳಿಸಲು ಹೈಡ್ರಾ ಕ್ರೇನ್ ತಿರುಗಬೇಕು, ಮೇಲೆ ತೂಗಾಡುವ ವೈರ್ ಅಡ್ಡ ಬರಬಾರದು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಎದುರಿನ ಟೀ ಅಂಗಡಿಯಲ್ಲಿ ಕೇಳಿ, ಓನರ್ ಹತ್ತಿರ ಕೇಳಬೇಡಿ. ಇನ್ನು ಸಾಗಾಟ. 2021ರ ಡಿಸೆಂಬರ್‌ನಲ್ಲಿ ತುಮಕೂರು ರಸ್ತೆಯ ಫ್ಲೈಓವರ್‌ನ ಕೇಬಲ್ ಹಾಳಾಗಿ ಸಂಚಾರ ನಿಂತಿತು, ಭಾರಿ ವಾಹನಗಳು ಮತ್ತೆ ಮೇಲೆ ಹತ್ತಿದ್ದು 2024ರಲ್ಲಿ. ಅಷ್ಟು ದಿನ ಕೆಳಗಿನ ರಸ್ತೆಯ ಜಾಮ್‌ನ ಡೀಸೆಲ್ ಖರ್ಚನ್ನು ಯಾವ ಕಸ್ಟಮರೂ ರೇಟಿನಲ್ಲಿ ಸೇರಿಸಿ ಕೊಡಲಿಲ್ಲ.

ಕಾಗದ ಪತ್ರ

ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ನೀವೇ ಮಾಡಬಹುದು. ದುಡ್ಡು ಕೇಳುವ ವೆಬ್‌ಸೈಟ್ ಅಂದರೆ ಸರ್ಕಾರದ್ದಲ್ಲ ಅಂತಲೇ ಅರ್ಥ. ಇದನ್ನು ಮೊದಲ ಬಿಲ್‌ಗಿಂತ ಮುಂಚೆ ಮಾಡಿಸಿ, ಯಾಕೆ ಅಂತ ಪೇಮೆಂಟ್ ಭಾಗದಲ್ಲಿ ಹೇಳುತ್ತೇನೆ. ಮಿತಿ ಈಗ ದೊಡ್ಡದು: 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿ ಬಂಡವಾಳ, 10 ಕೋಟಿ ವಹಿವಾಟಿನವರೆಗೂ ಮೈಕ್ರೊ. ಜಿಎಸ್‌ಟಿ ನಂಬರ್ ಇಲ್ಲದೆ ಕಂಪನಿಗಳು ಕೆಲಸ ಕೊಡುವುದಿಲ್ಲ, ಅದು ಬೇಕೋ ಬೇಡವೋ ಅಂತ ಯೋಚಿಸುವುದೇ ಬೇಡ.

ಮಾಲಿನ್ಯ ಮಂಡಳಿಯ ವಿಷಯ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಪೇಂಟಿಂಗ್ ಇಲ್ಲದ ಎಂಜಿನಿಯರಿಂಗ್ ಘಟಕ ಸಾಮಾನ್ಯವಾಗಿ ಕಡಿಮೆ ಮಾಲಿನ್ಯದ ವರ್ಗ. ಪ್ಲೇಟಿಂಗ್ ಕೆಂಪು ವರ್ಗ, ಅಂದರೆ ಹೆಚ್ಚು ಮಾಲಿನ್ಯದ್ದು. ‘ಪ್ಲೇಟಿಂಗ್ ಕೂಡ ನೀವೇ ಮಾಡಿಕೊಡಿ’ ಅಂತ ಕಸ್ಟಮರ್ ಹೇಳಿದರೆ ಒಳಗೆ ತೊಟ್ಟಿ ಇಡಬೇಡಿ, ಅನುಮತಿ ಮತ್ತು ನೀರು ಶುದ್ಧ ಮಾಡುವ ವ್ಯವಸ್ಥೆ ಇರುವವರ ಹತ್ತಿರ ಮಾಡಿಸಿ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ನೆಲದ ಮೇಲೆ ನಮ್ಮ ಕೆಲಸಗಾರರ ಮನೆಗಳಿವೆ. ಹಳೇ ಕೂಲಂಟ್, ಸುಟ್ಟ ಎಣ್ಣೆಯನ್ನೂ ಚರಂಡಿಗೆ ಬಿಡಬೇಡಿ, ಡ್ರಮ್‌ನಲ್ಲಿಟ್ಟು ಅನುಮತಿ ಇರುವವರಿಗೆ ಕೊಡಿ.

ಜನ, ಮತ್ತು ಒಂದು ಮೈಕ್ರೋಮೀಟರ್

ಆಪರೇಟರ್ ಸಿಗುತ್ತಾರೆ. ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿ ಕಡೆ ರೂಮ್ ಮಾಡಿಕೊಂಡ ರಾಯಚೂರು, ಕಲಬುರಗಿ ಹುಡುಗರು, ಒಡಿಶಾ, ಬಿಹಾರದವರು. ಬಟನ್ ಒತ್ತಲು ಎಲ್ಲರಿಗೂ ಬರುತ್ತದೆ. ಸೆಟ್ಟಿಂಗ್ ಮಾಡುವವನು, ಅಳತೆ ಗೊತ್ತಿರುವವನು ಸಿಗುವುದು ಕಷ್ಟ. ಬೆಂಗಳೂರಿನ ಟೂಲ್ ತರಬೇತಿ ಕೇಂದ್ರ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸಹಕಾರದಲ್ಲಿ ಶುರುವಾದದ್ದು, ಪೀಣ್ಯದಲ್ಲೇ ಎನ್‌ಟಿಟಿಎಫ್ ಇದೆ. ಅಲ್ಲಿ ಕಲಿತವರನ್ನು ದೊಡ್ಡ ಕಂಪನಿಗಳು ಕ್ಯಾಂಪಸ್‌ನಲ್ಲೇ ಎತ್ತಿಕೊಳ್ಳುತ್ತವೆ. ನಮ್ಮಂಥವರಿಗೆ ಉಳಿಯುವ ದಾರಿ, ಹುಡುಗರನ್ನು ತಂದು ನಾವೇ ಕಲಿಸುವುದು. ಅಪ್ರೆಂಟಿಸ್ ಯೋಜನೆಯಲ್ಲಿ ಸ್ಟೈಪೆಂಡ್‌ನ ಒಂದು ಪಾಲನ್ನು ಸರ್ಕಾರ ಕೊಡುತ್ತದೆ, ಬಳಸಿಕೊಳ್ಳಿ.

ನಾನು ಹೊಸಬರಿಗೆ ಮೊದಲ ವಾರ ಮೆಷಿನ್ ಮುಟ್ಟಿಸುವುದಿಲ್ಲ. 0–25 ಎಂಎಂ ಅಳೆಯುವ ಮೈಕ್ರೋಮೀಟರ್ ಉಪಕರಣ ಕೈಗೆ ಕೊಟ್ಟು ಒಂದೇ ಪಿನ್ನನ್ನು ಅಳೆಯಲು ಹೇಳುತ್ತೇನೆ, ಬೆಳಗ್ಗೆ ಒಮ್ಮೆ, ಊಟದ ನಂತರ ಒಮ್ಮೆ. ರ‍್ಯಾಚೆಟ್ ತಿರುಗಿಸದೆ ಥಿಂಬಲ್ (ಅಂಕಿ ಇರುವ ತಿರುಗುವ ಕೊಳವೆ) ಹಿಡಿದು ಬಿಗಿ ಮಾಡುವವರೇ ಜಾಸ್ತಿ. ಹಾಗೆ ಒತ್ತಿದರೆ ಪ್ರತಿ ಸಲ ಬೇರೆ ಅಂಕಿ ಬರುತ್ತದೆ. ಒಂದೇ ಅಂಕಿ ಬರುವವರೆಗೆ ಬಿಡುವುದಿಲ್ಲ. ಝೀರೋ ನೋಡದೆ ಅಳೆದರೆ ಮತ್ತೆ ಮೊದಲಿಂದ.

ಎರಡನೇ ಪಾಠ ಬಿಸಿಯದು. ಮೆಷಿನ್‌ನಿಂದ ಈಗಷ್ಟೇ ತೆಗೆದ 50 ಎಂಎಂ ಶಾಫ್ಟ್ ಕೈಗೆ ಬೆಚ್ಚಗಿರುತ್ತದೆ. ಸ್ಟೀಲ್ ಒಂದು ಡಿಗ್ರಿಗೆ ಪ್ರತಿ ಮೀಟರ್‌ಗೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಪಾಲು) ಹಿಗ್ಗುತ್ತದೆ. ಶಾಫ್ಟ್ 20 ಡಿಗ್ರಿ ಬಿಸಿಯಾಗಿದ್ದರೆ ಡಯಾ 11.5 ಮೈಕ್ರಾನ್ ದೊಡ್ಡದು. 50 ಡಯಾದ ಶಾಫ್ಟಿಗೆ ಎಚ್7 (ಸಣ್ಣ h) ಟಾಲರೆನ್ಸ್ ಒಟ್ಟು 25 ಮೈಕ್ರಾನ್. ಅಂದರೆ ಹತ್ತಿರ ಹತ್ತಿರ ಅರ್ಧ ಬಿಸಿಯಲ್ಲೇ ಹೋಯಿತು. ರಾತ್ರಿ ಶಿಫ್ಟಿನಲ್ಲಿ ಆಪರೇಟರ್ ಅಳೆದಾಗ ಕೆಳಗಿನ ಮಿತಿಯ ಹತ್ತಿರ ‘ಓಕೆ’ ಇದ್ದದ್ದು, ಮಾರನೇ ದಿನ ಕಸ್ಟಮರ್‌ನ ಎಸಿ ರೂಮಿನಲ್ಲಿ 20 ಡಿಗ್ರಿಯಲ್ಲಿ ಅಂಡರ್‌ಸೈಜ್. ಇಡೀ ಲಾಟ್ ವಾಪಸ್. ಎರಡು ಕಡೆಯವರೂ ಸರಿಯಾಗಿಯೇ ಅಳೆದಿರುತ್ತಾರೆ. ಮಾಡಬೇಕಾದದ್ದು ಇಷ್ಟು: ಗಂಟೆಗೊಂದು ಪೀಸನ್ನು ಗ್ರಾನೈಟ್ ಟೇಬಲ್ ಮೇಲಿಟ್ಟು ಆರಿಸಿ, ಮಾಸ್ಟರ್ ಪೀಸ್ ಕೂಡ ಅಲ್ಲೇ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಿಸಿಯಲ್ಲಿದ್ದಾಗ ಹೋಲಿಸಿ ಮೆಷಿನ್‌ಗೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಡಿ. ಅಳತೆಯನ್ನು ಟಾಲರೆನ್ಸ್‌ನ ನಡುವಿಗೆ ಇಡಿ, ತುದಿಗೆ ಓಡಿಸಬೇಡಿ.

ಕಲಿತ ಹುಡುಗ ಎರಡು ಸಾವಿರ ಜಾಸ್ತಿ ಸಿಕ್ಕರೆ ಹೋಗುತ್ತಾನೆ. ಬೇಜಾರು ಮಾಡಿಕೊಂಡು ಪ್ರಯೋಜನವಿಲ್ಲ. ಪ್ರತಿ ಜಾಬ್‌ನ ಸೆಟ್ಟಿಂಗ್ ಶೀಟ್ ಬರೆದಿಡಿ: ಪ್ರೋಗ್ರಾಂ ನಂಬರ್, ಪೀಸ್ ಹಿಡಿಯುವ ಜಾ ಪ್ರೆಶರ್, ಯಾವ ಸ್ಟೇಷನ್‌ನಲ್ಲಿ ಯಾವ ಟೂಲ್, ಇನ್ಸರ್ಟ್ ಎಷ್ಟು ಪೀಸಿಗೆ ಬದಲು. ಜೊತೆಗೆ ಒಂದು ಫೋಟೊ. ಅವನು ಹೋದ ದಿನ ಶಾಪ್ ನಿಲ್ಲಬಾರದು.

ಇನ್ನು ‘ಒಂಬತ್ತರ’ ವಿಷಯ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತು ಆದರೆ ಪಿಎಫ್. ಆದ್ದರಿಂದ ಪೀಣ್ಯದಲ್ಲಿ ರಿಜಿಸ್ಟರ್ ಪ್ರಕಾರ ಒಂಬತ್ತೇ ಜನ ಇರುವ ಶಾಪ್‌ಗಳು ಬೇಕಾದಷ್ಟಿವೆ. ಬೆಳೆದರೆ ತನ್ನ ತಮ್ಮನ ಹೆಸರಿನಲ್ಲಿ ಇನ್ನೊಂದು ಕಂಪನಿ, ನಡುವೆ ಒಂದು ಗೋಡೆ. ನನಗೆ ಇದು ಬುದ್ಧಿವಂತಿಕೆ ಅನ್ನಿಸುವುದಿಲ್ಲ. 18,000 ಸಂಬಳದವನಿಗೆ ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 585 ರೂಪಾಯಿ. ಕೈ ಬೆರಳು ಚಕ್‌ಗೆ ಸಿಕ್ಕಿದ ದಿನ ಇಎಸ್‌ಐ ಇಲ್ಲದಿದ್ದರೆ ಪರಿಹಾರದ ಪೂರ್ತಿ ಹೊಣೆ ನಿಮ್ಮದು. ಮೇಲಾಗಿ ಎರಡು ತುಂಡಾದ ಶಾಪ್‌ಗೆ ದೊಡ್ಡ ಕಸ್ಟಮರ್ ಆಡಿಟ್ ಮಾಡಲು ಬಂದಾಗ ಏನು ತೋರಿಸುತ್ತೀರಿ? ದೇಶದ ಕಾರ್ಖಾನೆ ಉತ್ಪಾದನೆಯ ಪಾಲನ್ನು 2022ರ ಹೊತ್ತಿಗೆ ಜಿಡಿಪಿಯ ಶೇ 25ಕ್ಕೆ ತರುವ ಗುರಿ 2011ರ ನೀತಿಯಲ್ಲೇ ಇತ್ತು, ‘ಮೇಕ್ ಇನ್ ಇಂಡಿಯಾ’ ಕೂಡ ಅದನ್ನೇ ಹೇಳಿತು. ಇವತ್ತಿಗೂ ಅದರ ಹತ್ತಿರ ಬಂದಿಲ್ಲ. ಕಾರಣ ನೂರು ಹೇಳಬಹುದು. ನನಗೆ ಕಣ್ಣಿಗೆ ಕಾಣುವುದು ಒಂಬತ್ತರಲ್ಲಿ ನಿಂತ ಈ ಶೆಡ್‌ಗಳು.

ದುಡ್ಡು ವಸೂಲಿ

ಮೂರು ಮೆಷಿನ್‌ನಿಂದ ತಿಂಗಳಿಗೆ 4.8 ಲಕ್ಷ ಬಿಲ್ ಆಗುತ್ತದೆ ಅಂದುಕೊಳ್ಳಿ. ಕಸ್ಟಮರ್ 90 ದಿನಕ್ಕೆ ಕೊಡುತ್ತಾನೆ. ಅಂದರೆ ಯಾವಾಗ ನೋಡಿದರೂ 14.4 ಲಕ್ಷ ಹೊರಗೆ. ಹತ್ತಿರ ಹತ್ತಿರ ಇನ್ನೊಂದು ಮೆಷಿನ್‌ನ ಸಾಲದಷ್ಟು ದುಡ್ಡು ಬಡ್ಡಿಯಿಲ್ಲದೆ ಅವನ ಹತ್ತಿರ ಇದೆ. ಜಿಎಸ್‌ಟಿ ಬೇರೆ. ಅವನು ಕೊಡಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು.

ಹಾಗಾಗಿ ಶುರುವಿನಲ್ಲಿ ಮೆಟೀರಿಯಲ್ ಸಮೇತ ಆರ್ಡರ್ ತಗೊಳ್ಳಬೇಡಿ. ಕಸ್ಟಮರ್‌ನದೇ ಮೆಟೀರಿಯಲ್, ನಿಮ್ಮದು ಬರೀ ಮೆಷಿನಿಂಗ್. ಲಾಭ ಸ್ವಲ್ಪ ಕಡಿಮೆ, ಆದರೆ ಸ್ಟೀಲ್ ಅಂಗಡಿಗೆ ನಗದು ಕೊಟ್ಟು ಮೂರು ತಿಂಗಳು ಕಾಯುವ ಕಷ್ಟ ಇಲ್ಲ. 2021ರಲ್ಲಿ ಸ್ಟೀಲ್ ರೇಟು ಏರಿದಾಗ ಮೆಟೀರಿಯಲ್ ಸೇರಿಸಿ ವರ್ಷದ ರೇಟಿಗೆ ಸಹಿ ಹಾಕಿದ್ದವರು ಸುಟ್ಟುಕೊಂಡರು. ಮುಂದೆ ಮೆಟೀರಿಯಲ್ ಸಮೇತ ತಗೊಂಡರೂ ಸ್ಟೀಲ್ ಬೆಲೆ ಇಷ್ಟು ಬದಲಾದರೆ ರೇಟೂ ಬದಲು ಅಂತ ಒಂದು ಸಾಲು ಪಿಓದಲ್ಲಿ (ಪರ್ಚೇಸ್ ಆರ್ಡರ್) ಇರಲಿ.

ಕಾನೂನು ನಮ್ಮ ಪರ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಪಿಓದಲ್ಲಿ 90 ಅಂತ ಬರೆದಿದ್ದರೂ 45ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ‘ಜಿಆರ್‌ಎನ್ ಇನ್ನೂ ಆಗಿಲ್ಲ’ (ಮಾಲು ಬಂತು ಅಂತ ಅವರು ಹಾಕುವ ಚೀಟಿ) ಅನ್ನುವುದು ಎಲ್ಲರ ನೆಪ. ಆದರೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ, ತಲುಪಿದ ದಿನದಿಂದಲೇ ಲೆಕ್ಕ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಇದೆಲ್ಲಾ ಸಿಗುವುದು ಉದ್ಯಮ್ ನೋಂದಣಿ ಇದ್ದವರಿಗೆ, ಅದಕ್ಕೇ ಮೊದಲೇ ಮಾಡಿಸಿ ಅಂದದ್ದು.

ಆದರೆ ಓಡುತ್ತಿರುವ ಕಸ್ಟಮರ್ ಮೇಲೆ ಯಾರು ದೂರು ಕೊಡುತ್ತಾರೆ? ಕೊಟ್ಟರೆ ಮಾರನೇ ದಿನದಿಂದ ಆರ್ಡರ್ ಪಕ್ಕದ ಶೆಡ್‌ಗೆ. ಅದನ್ನು ಕೊನೆಯ ಅಸ್ತ್ರ ಅಂತ ಇಟ್ಟುಕೊಳ್ಳಿ, ಸಂಬಂಧ ಮುಗಿದವರಿಗೆ. ದಿನನಿತ್ಯ ಕೆಲಸಕ್ಕೆ ಬರುವುದು ಇನ್‌ಕಮ್ ಟ್ಯಾಕ್ಸ್‌ನ ಒಂದು ನಿಯಮ, 1961ರ ಕಾಯ್ದೆಯಲ್ಲಿ 43ಬಿ(ಎಚ್). 2024ರ ಏಪ್ರಿಲ್‌ನಿಂದ ಬಂದದ್ದು. ಮೈಕ್ರೊ, ಸಣ್ಣ ಘಟಕಕ್ಕೆ ಈ ಅವಧಿಯೊಳಗೆ ದುಡ್ಡು ಕೊಡದಿದ್ದರೆ, ಕೊಡುವವರೆಗೆ ಆ ಖರ್ಚನ್ನು ಕಂಪನಿ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಈ ಭಯ ಪರ್ಚೇಸ್‌ನವರಿಗಿಲ್ಲ, ಅವರ ಆಡಿಟರ್‌ಗೆ ಇದೆ. ಹಾಗಾಗಿ ಪ್ರತಿ ಬಿಲ್ ಮೇಲೆ ಉದ್ಯಮ್ ನಂಬರ್ ದೊಡ್ಡದಾಗಿ ಅಚ್ಚು ಹಾಕಿಸಿ. ಜನವರಿಯಲ್ಲಿ ಬಾಕಿ ಪಟ್ಟಿ ಮಾಡಿ, ಬಿಲ್ ದಿನಾಂಕ, ತಲುಪಿದ ದಿನಾಂಕ, 45ನೇ ದಿನ ಮೂರನ್ನೂ ಬರೆದು ಅವರ ಅಕೌಂಟ್ಸ್‌ಗೆ ಮೇಲ್ ಮಾಡಿ. ಜಗಳ ಬೇಡ, ‘ಬ್ಯಾಲೆನ್ಸ್ ಕನ್ಫರ್ಮ್ ಮಾಡಿಕೊಡಿ’ ಅಂತ ಕೇಳಿದರೆ ಸಾಕು. ಮಾರ್ಚ್ ಎರಡನೇ ವಾರದಲ್ಲಿ ಮತ್ತೊಮ್ಮೆ. ಒಂದು ಕಂಪನಿಯವರು ‘ಬಿಲ್‌ನಲ್ಲಿ ಆ ನಂಬರ್ ಹಾಕಬೇಡಿ’ ಅಂದಿದ್ದರು. ಆಗಲೇ ಗೊತ್ತಾಯಿತು ಮದ್ದು ನಾಟುತ್ತಿದೆ ಅಂತ.

250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಯಲ್ಲಿ ಇರಲೇಬೇಕು. ಅವರು ನಿಮ್ಮ ಬಿಲ್‌ಗೆ ಅಲ್ಲಿ ಒಪ್ಪಿಗೆ ಕೊಟ್ಟರೆ ಬ್ಯಾಂಕ್ ಬಡ್ಡಿ ಮುರಿದುಕೊಂಡು ನಿಮಗೆ ಬೇಗ ಕೊಡುತ್ತದೆ, ಕಸ್ಟಮರ್ ಕೊಡದಿದ್ದರೂ ನಿಮ್ಮನ್ನು ಕೇಳುವುದಿಲ್ಲ. ತೊಡಕು ಆ ಒಪ್ಪಿಗೆಯಲ್ಲಿದೆ. ‘ಇದ್ದೀವಿ, ನೋಡ್ತೀವಿ, ಮುಂದಿನ ಕ್ವಾರ್ಟರ್’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಉತ್ತರ ಬರುತ್ತದೆ. ರೇಟ್ ಮಾತಾಡುವಾಗಲೇ ಕೇಳಿ: ಟ್ರೆಡ್ಸ್‌ನಲ್ಲಿ ಒಪ್ಪುವುದಾದರೆ 42ಕ್ಕೆ 41 ಮಾಡುತ್ತೇನೆ. ಆ ಒಂದು ರೂಪಾಯಿಯನ್ನು ಈ ಮಾತಿಗಾಗಿಯೇ ಮೊದಲು ಸೇರಿಸಿಟ್ಟಿರಿ.

ಹೊಸ ಕಸ್ಟಮರ್ ಹಿಡಿಯುವ ಮುಂಚೆ ಅವರಿಗೆ ಈಗಾಗಲೇ ಕೆಲಸ ಮಾಡಿಕೊಡುವ ಶಾಪ್ ಹುಡುಕಿ, ದುಡ್ಡು ಹೇಗೆ ಬರುತ್ತದೆ ಕೇಳಿ. ಈ ವಿಷಯದಲ್ಲಿ ಪೀಣ್ಯದವರು ಒಬ್ಬರಿಗೊಬ್ಬರು ಸುಳ್ಳು ಹೇಳುವುದಿಲ್ಲ. ಒಬ್ಬನೇ ಕಸ್ಟಮರ್ ಮೇಲೆ ನಿಲ್ಲಬೇಡಿ, ಅದರಲ್ಲೂ ಒಂದೇ ಉದ್ಯಮದವರ ಮೇಲೆ. 2019ರಲ್ಲಿ ಗಾಡಿ ಮಾರಾಟ ಕುಸಿದಾಗ ಆಟೋ ಪಾರ್ಟ್ಸ್ ಮಾತ್ರ ಮಾಡುತ್ತಿದ್ದವರು ಒಂದು ಶಿಫ್ಟಿಗೆ ಇಳಿದರು. ಪಂಪ್, ವಾಲ್ವ್, ಜವಳಿ ಯಂತ್ರದ ಕೆಲಸ ಜೊತೆಗಿದ್ದವರು ಹೇಗೋ ದಾಟಿದರು.

ಕಸ್ಟಮರ್ ಮೆಟೀರಿಯಲ್ ಬಂದಾಗ ಡೆಲಿವರಿ ಚಲನ್ ಜೊತೆ ತೂಕ ಹಾಕಿಸಿ ಬರೆದುಕೊಳ್ಳಿ. ಒಂದು ವರ್ಷದೊಳಗೆ ಅದು ವಾಪಸ್ ಹೋಗದಿದ್ದರೆ ಜಿಎಸ್‌ಟಿಯಲ್ಲಿ ಕಸ್ಟಮರ್‌ನ ಮಾರಾಟ ಅಂತ ಲೆಕ್ಕವಾಗುತ್ತದೆ, ಆಗ ಬಾಕಿ ಪೇಮೆಂಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಪೀಸ್ ತೂಕ, ರಿಜೆಕ್ಷನ್ ತೂಕ, ಚಿಪ್ಸ್ ತೂಕ ಮೂರೂ ಸೇರಿ ಬಂದ ತೂಕಕ್ಕೆ ಹೊಂದಬೇಕು. ಚಿಪ್ಸ್ ಯಾರದ್ದು ಎನ್ನುವುದನ್ನು ಪಿಓದಲ್ಲೇ ಬರೆಸಿ. ನಿಮ್ಮದಾದರೆ ಸ್ಟೀಲ್ ಬೇರೆ, ಹಿತ್ತಾಳೆ ಬೇರೆ, ಸವೆದ ಕಾರ್ಬೈಡ್ ಇನ್ಸರ್ಟ್ ಬೇರೆ ಡಬ್ಬದಲ್ಲಿ ಹಾಕಿಡಿ. ಕಾರ್ಬೈಡ್‌ಗೆ ಕೆಜಿ ಲೆಕ್ಕದಲ್ಲಿ ಒಳ್ಳೆ ಬೆಲೆ ಬರುತ್ತದೆ, ಸ್ಕ್ರಾಪ್‌ನವನು ಅದನ್ನು ಸ್ಟೀಲ್ ಜೊತೆ ತೂಗಲು ನೋಡುತ್ತಾನೆ.